ಓದು ಮುಗಿದ ಮೇಲೆ ಅಲ್ಲೇ ಉಳಿಯುವುದಾ? ಹೊರದೇಶದಲ್ಲಿ ಓದುತ್ತಿರುವ ಹೆಣ್ಣುಮಕ್ಕಳಿಗೊಂದು ಮಾರ್ಗದರ್ಶಿ

ಕೊನೆಯ ವರ್ಷದ ಓದು ಶುರುವಾಗುತ್ತಿದ್ದಂತೆ ಎಲ್ಲರ ಬಾಯಲ್ಲೂ ಒಂದೇ ಮಾತು: ಮುಂದೇನು? ಜೊತೆಯಲ್ಲಿ ಓದುವ ಹುಡುಗನಿಗೆ ‘ಕೆಲಸ ಸಿಕ್ಕಿತಾ?’ ಎಂದು ಕೇಳುವವರೇ ನಿಮಗೆ ‘ಯಾವಾಗ ವಾಪಸ್ ಬರ್ತೀಯ?’ ಎಂದು ಕೇಳುತ್ತಾರೆ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳುವ ರೀತಿ ಅದು. ಕ್ಯಾಂಪಸ್ಸಿನ ಗೆಳತಿಯರದು ಇನ್ನೊಂದು ವರಸೆ: ‘ಇಷ್ಟು ದೂರ ಬಂದು ಯಾರಾದರೂ ವಾಪಸ್ ಹೋಗ್ತಾರಾ?’ ಅಲ್ಲೂ ಉತ್ತರ ಸಿದ್ಧವಾಗಿಯೇ ಇದೆ.

ಈ ಎರಡು ದನಿಗಳ ನಡುವೆ ಸಿಕ್ಕಿ ಸುಮ್ಮನೆ ಕೂತರೆ ಕೊನೆಗೆ ತೀರ್ಮಾನ ಮಾಡುವುದು ವೀಸಾದ ಮೇಲಿನ ದಿನಾಂಕ. ಉಳಿಯಿರಿ ಎಂದಾಗಲಿ ಹೊರಡಿ ಎಂದಾಗಲಿ ನಾನು ಹೇಳುವುದಿಲ್ಲ. ಒಂದು ಹಟ ಮಾತ್ರ ನನಗಿದೆ: ಉಳಿಯುವುದಾದರೆ ಉಳಿಯುವ ಹಕ್ಕು ನಿಮ್ಮ ಹೆಸರಿನಲ್ಲಿರಲಿ. ಗಂಡನ ವೀಸಾದ ಬಾಲವಾಗಿಯೂ ಬೇಡ, ಒಬ್ಬ ಬಾಸ್‌ನ ಮರ್ಜಿಯಲ್ಲೂ ಬೇಡ. ಮುಂದಿನ ಹೆಜ್ಜೆಗಳೆಲ್ಲ ಅದಕ್ಕಾಗಿ.

ಹೆಜ್ಜೆ 1: ಮೊದಲು ಕ್ಯಾಲೆಂಡರ್, ಆಮೇಲೆ ಮನಸ್ಸು

‘ಇರಲಾ, ಹೋಗಲಾ’ ಎಂದು ಮೂರು ತಿಂಗಳು ಒದ್ದಾಡಿ, ಇರೋಣ ಎಂದು ಮನಸ್ಸು ಗಟ್ಟಿಯಾದ ದಿನ ಅರ್ಜಿಯ ಗಡುವೇ ಮುಗಿದಿದ್ದರೆ ಆ ಒದ್ದಾಟವೆಲ್ಲ ದಂಡ. ಕೋರ್ಸ್ ಮುಗಿಯಲು ಒಂದು ವರ್ಷ ಇರುವಾಗಲೇ ಒಂದು ಹಾಳೆಯಲ್ಲಿ ನಾಲ್ಕು ದಿನಾಂಕ ಬರೆದುಕೊಳ್ಳಿ: ಕೋರ್ಸ್ ಅಧಿಕೃತವಾಗಿ ಮುಗಿಯುವ ದಿನ, ವಿದ್ಯಾರ್ಥಿ ವೀಸಾ ಮುಗಿಯುವ ದಿನ, ಮುಂದಿನ ಪರ್ಮಿಟ್‌ಗೆ ಅರ್ಜಿ ಹಾಕಬಹುದಾದ ಮೊದಲ ದಿನ, ಮತ್ತು ಕೊನೆಯ ದಿನ. ಘಟಿಕೋತ್ಸವ ಈ ಪಟ್ಟಿಯಲ್ಲಿಲ್ಲ, ಗಮನಿಸಿ. ಗೌನು ತೊಟ್ಟು ಫೋಟೊ ತೆಗೆಸಿಕೊಳ್ಳುವ ದಿನಕ್ಕೂ ವಲಸೆ ಕಾನೂನಿಗೂ ಸಂಬಂಧವಿಲ್ಲ.

ಅಮೆರಿಕದಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಓದಿನ ನಂತರದ ಕೆಲಸಕ್ಕಾಗಿ ಒಪಿಟಿ ಎಂಬ ತಾತ್ಕಾಲಿಕ ಅನುಮತಿ ಪಡೆಯಬೇಕು. ಕೋರ್ಸ್ ಮುಗಿಯುವುದಕ್ಕೆ 90 ದಿನ ಮೊದಲಿನಿಂದ ಮುಗಿದ ನಂತರದ 60ನೇ ದಿನದವರೆಗೆ ಅರ್ಜಿಗೆ ಅವಕಾಶ. ಸಿಗುವುದು 12 ತಿಂಗಳು. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪದವಿಯಾದರೆ ಮೇಲೆ ಇನ್ನೂ 24 ತಿಂಗಳು. ಆದರೆ ಮೊದಲ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಒಪಿಟಿ ಶುರುವಾಗುವ ದಿನವನ್ನು ಕೋರ್ಸ್ ಮುಗಿದ 60 ದಿನದೊಳಗೆ ನೀವೇ ಆರಿಸಿಕೊಳ್ಳಬಹುದು. ಆಫರ್ ಲೆಟರ್ ಕೈಯಲ್ಲಿದ್ದರೆ ಬೇಗ ಶುರು ಮಾಡಿ, ಇಲ್ಲದಿದ್ದರೆ ಆದಷ್ಟು ಮುಂದಕ್ಕೆ ಹಾಕಿ. ಎಷ್ಟೋ ಜನ ಫಾರ್ಮ್ ತುಂಬುವ ಆತುರದಲ್ಲಿ ಈ ಒಂದು ಖಾನೆಯನ್ನು ಯೋಚಿಸದೆ ತುಂಬಿ, ಆ 90 ದಿನಗಳಲ್ಲಿ ಅರ್ಧವನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ.

ಅದರ ಮುಂದಿನದು ಎಚ್-1ಬಿ, ಕಂಪನಿ ಪ್ರಾಯೋಜಿಸುವ ಕೆಲಸದ ವೀಸಾ. ವರ್ಷಕ್ಕೆ 65,000, ಅಲ್ಲಿಯ ಸ್ನಾತಕೋತ್ತರ ಪದವೀಧರರಿಗೆ ಇನ್ನೂ 20,000 ಎಂಬ ಮಿತಿ ಇದೆ. ಅರ್ಜಿಗಳು ಅದಕ್ಕಿಂತ ಬಹಳ ಹೆಚ್ಚು ಬರುವುದರಿಂದ ಲಾಟರಿ ಎತ್ತುತ್ತಾರೆ, ಹಾಗಾಗಿ ಕಂಪನಿ ಒಪ್ಪಿದರೂ ವೀಸಾ ಗ್ಯಾರಂಟಿ ಇಲ್ಲ. ‘ಒಂದು ವರ್ಷ ಊರಿಗೆ ಹೋಗಿ ನೋಡ್ತೀನಿ, ಬೇಕಾದರೆ ವಾಪಸ್ ಬರ್ತೀನಿ’ ಎನ್ನುವವರು 2025ರ ಸೆಪ್ಟೆಂಬರ್‌ನಲ್ಲಿ ಬಂದ ಆದೇಶವನ್ನೂ ಓದಿಕೊಳ್ಳಬೇಕು. ದೇಶದ ಹೊರಗಿರುವವರ ಪರವಾಗಿ ಹಾಕುವ ಹೊಸ ಎಚ್-1ಬಿ ಅರ್ಜಿಗೆ ಅದು 1,00,000 ಡಾಲರ್ ಶುಲ್ಕ ಹೇರಿತು. ದೇಶದೊಳಗೇ ಇದ್ದು ವಿದ್ಯಾರ್ಥಿ ಸ್ಥಾನದಿಂದ ಬದಲಾಯಿಸಿಕೊಳ್ಳುವವರಿಗೆ ಆ ಹೊರೆ ಇಲ್ಲ. ಹೋಗಿ ಬರುವುದಕ್ಕೂ ಇದ್ದು ನೋಡುವುದಕ್ಕೂ ಇಷ್ಟು ದೊಡ್ಡ ಅಂತರ ಹಿಂದೆ ಇರಲಿಲ್ಲ.

ಬ್ರಿಟನ್ನಿನ ಗ್ರಾಜುಯೇಟ್ ವೀಸಾ ಎರಡು ವರ್ಷದ್ದು, ಪಿಎಚ್‌ಡಿ ಮಾಡಿದವರಿಗೆ ಮೂರು. 2027ರ ಜನವರಿ 1ರಿಂದ ಅರ್ಜಿ ಹಾಕುವ ಪಿಎಚ್‌ಡಿಯೇತರರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ವಿದ್ಯಾರ್ಥಿ ವೀಸಾ ಮುಗಿಯುವ ಮೊದಲೇ, ದೇಶದೊಳಗೆ ಇದ್ದುಕೊಂಡೇ ಅರ್ಜಿ ಹಾಕಬೇಕು. ಉತ್ತರ ಬರುವ ಮೊದಲು ದೇಶ ಬಿಟ್ಟರೆ ಅರ್ಜಿ ವಾಪಸ್ ಪಡೆದಂತೆ ಲೆಕ್ಕ. ಅಕ್ಕನ ಮದುವೆಗೆಂದು ಟಿಕೆಟ್ ತೆಗೆಯುವ ಮುನ್ನ ಇದನ್ನು ನೆನಪಿಡಿ.

ಕೆನಡಾದಲ್ಲಿ ಕೋರ್ಸ್ ಮುಗಿದದ್ದು ಖಚಿತವಾದ ಮೇಲೆ 180 ದಿನದೊಳಗೆ ಅರ್ಜಿ. ಪರ್ಮಿಟ್ ಗರಿಷ್ಠ ಮೂರು ವರ್ಷ, ಅದೂ ಜೀವಮಾನದಲ್ಲಿ ಒಂದೇ ಸಲ. 2024ರ ನವೆಂಬರ್‌ನಿಂದ ಭಾಷಾ ಪರೀಕ್ಷೆಯೂ ಕಡ್ಡಾಯ. ಜರ್ಮನಿ ಕೆಲಸ ಹುಡುಕಲು 18 ತಿಂಗಳು ಕೊಡುತ್ತದೆ, ಆ ಅವಧಿಯಲ್ಲಿ ಯಾವ ಕೆಲಸ ಬೇಕಾದರೂ ಮಾಡಬಹುದು. ಐರ್ಲೆಂಡ್ ಪದವಿಗೆ ಒಂದು ವರ್ಷ, ಸ್ನಾತಕೋತ್ತರಕ್ಕೆ ಎರಡು. ನೆದರ್ಲೆಂಡ್ಸ್‌ನದು ನನಗೆ ಎಲ್ಲಕ್ಕಿಂತ ಉದಾರ ಅನ್ನಿಸುತ್ತದೆ. ಕೊಡುವುದು ಒಂದೇ ವರ್ಷವಾದರೂ ಪದವಿ ಪಡೆದ ಮೂರು ವರ್ಷದೊಳಗೆ ಯಾವಾಗ ಬೇಕಾದರೂ ಕೇಳಬಹುದು. ಊರಿಗೆ ಹೋಗಿ ಮನಸ್ಸು ಬದಲಾದವರಿಗೂ ಅಲ್ಲಿ ಜಾಗವಿದೆ.

ಇವೆಲ್ಲ ಈಗಿನ ನಿಯಮಗಳು. ಅರ್ಜಿ ಹಾಕುವ ವಾರ ಸರ್ಕಾರಿ ವೆಬ್‌ಸೈಟ್‌ನಲ್ಲಿ ಇನ್ನೊಮ್ಮೆ ಓದಿ. ವಾಟ್ಸ್ಯಾಪ್ ಗುಂಪಿನ ಸೀನಿಯರ್ ಅಕ್ಕ ಹೇಳಿದ್ದು ಅವರ ವರ್ಷಕ್ಕೆ ನಿಜ, ನಿಮ್ಮದಕ್ಕೆ ಅಲ್ಲದಿರಬಹುದು.

ಸ್ಕಾಲರ್‌ಶಿಪ್ ಮೇಲೆ ಬಂದವರು ಕರಾರು ಪತ್ರವನ್ನು ಈಗಲೇ ತೆಗೆದು ನೋಡಿ. ಅಮೆರಿಕಕ್ಕೆ ಜೆ-1 ಎಂಬ ವಿನಿಮಯ ವೀಸಾದಲ್ಲಿ ಹೋದ ಕೆಲವರ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇದ್ದು ಬರಲೇಬೇಕೆಂಬ ಷರತ್ತು ಇರುತ್ತದೆ. ಅದಕ್ಕೆ ವಿನಾಯಿತಿ ಸಿಗದಿದ್ದರೆ ಎಚ್-1ಬಿಯೂ ಇಲ್ಲ, ಗ್ರೀನ್ ಕಾರ್ಡೂ ಇಲ್ಲ. ಮದುವೆಯಾದರೂ ಆ ಷರತ್ತು ಅಳಿಯುವುದಿಲ್ಲ.

ಹೆಜ್ಜೆ 2: ‘ಇರಬೇಕು’ ಬೇರೆ, ‘ಹೋಗಲಾರೆ’ ಬೇರೆ

ಒಂದು ಸಂಜೆ ಒಬ್ಬರೇ ಕೂತು ಎರಡು ಪಟ್ಟಿ ಮಾಡಿ. ಒಂದರಲ್ಲಿ ಇಲ್ಲಿ ಏನಿದೆ ಎಂದು ಇರಬೇಕೆನಿಸುತ್ತಿದೆ. ಇನ್ನೊಂದರಲ್ಲಿ ಅಲ್ಲಿ ಏನಿದೆ ಎಂದು ಹೋಗಲು ಭಯ. ಯಾರಿಗೂ ತೋರಿಸಬೇಕಾಗಿಲ್ಲ, ಹಾಗಾಗಿ ಚಂದ ಕಾಣಿಸಬೇಕಾಗಿಯೂ ಇಲ್ಲ. ‘ಲ್ಯಾಬ್ ಚೆನ್ನಾಗಿದೆ’ ಎಂಬಷ್ಟೇ ಗೌರವದ ಕಾರಣ ‘ರಾತ್ರಿ ಹತ್ತಕ್ಕೆ ಒಬ್ಬಳೇ ನಡೆದು ಬರಬಹುದು’, ‘ನನ್ನ ಹೆಸರಿಗೆ ಬಾಡಿಗೆ ಮನೆ ಸಿಗುತ್ತದೆ’, ‘ಹೋದರೆ ಆರು ತಿಂಗಳಲ್ಲಿ ಮದುವೆ ಮಾಡಿಬಿಡುತ್ತಾರೆ’ ಎಂಬುದೂ. ಅವನ್ನು ಬರೆಯಲು ನಾಚಿಕೊಂಡು ‘ಕೆರಿಯರ್’ ಎಂಬ ಒಂದೇ ಪದದೊಳಗೆ ಎಲ್ಲವನ್ನೂ ತುರುಕುವವರೇ ಹೆಚ್ಚು.

ಎರಡನೇ ಪಟ್ಟಿ ಉದ್ದವಾಗಿದ್ದರೆ ಗಾಬರಿ ಬೇಡ. ಆದರೆ ಆ ಭಯಗಳನ್ನು ತಟ್ಟಿ ನೋಡಿ. ಮುಂದೆ ಮೇರಿ ಕ್ಯೂರಿ ಎಂದು ಹೆಸರಾದ ವಿಜ್ಞಾನಿ ಮರಿಯಾ ಸ್ಕ್ಲೊಡೊವ್‌ಸ್ಕಾ 1891ರಲ್ಲಿ ಓದಲೆಂದು ಪ್ಯಾರಿಸ್‌ಗೆ ಹೋದವರು. 1893ರಲ್ಲಿ ಭೌತಶಾಸ್ತ್ರದಲ್ಲಿ, 1894ರಲ್ಲಿ ಗಣಿತದಲ್ಲಿ ಪದವಿ ಪಡೆದರು. ಅವರ ಆಸೆ ಇದ್ದದ್ದು ಪೋಲೆಂಡಿಗೆ ಮರಳಿ ಅಲ್ಲೇ ಕೆಲಸ ಮಾಡುವುದು. ಹೋಗಿ ಕೇಳಿದರು. ಕ್ರಾಕೋವ್‌ನ ವಿಶ್ವವಿದ್ಯಾಲಯದಲ್ಲಿ ಹೆಣ್ಣಿಗೆ ಕೆಲಸವಿಲ್ಲ ಎಂದು ಗೊತ್ತಾದ ಮೇಲೆಯೇ ಪ್ಯಾರಿಸ್‌ಗೆ ವಾಪಸಾಗಿ, 1895ರಲ್ಲಿ ಪಿಯರ್ ಕ್ಯೂರಿಯನ್ನು ಮದುವೆಯಾದರು. ಮುಂದಿನ ಕಥೆ ಎಲ್ಲರಿಗೂ ಗೊತ್ತು. ನನಗೆ ಮುಖ್ಯ ಅನ್ನಿಸುವುದು ಅವರು ಹೋಗಿ ಕೇಳಿದ್ದು. ನೀವೂ ತಾಯ್ನಾಡಿನ ಮೂರು ಕೆಲಸಗಳಿಗೆ ನಿಜವಾಗಿಯೂ ಅರ್ಜಿ ಹಾಕಿ, ಇಂಟರ್‌ವ್ಯೂವರೆಗೆ ಹೋಗಿ. ಬಾಗಿಲು ಮುಚ್ಚಿದೆಯೋ, ಮುಚ್ಚಿದೆ ಎಂದು ನೀವು ಅಂದುಕೊಂಡಿದ್ದೋ, ಆಗ ತಿಳಿಯುತ್ತದೆ.

ಹೆಜ್ಜೆ 3: ಕಂಪನಿ ನಿಮ್ಮನ್ನು ಪರೀಕ್ಷಿಸುವ ಮೊದಲು ನೀವು ಕಂಪನಿಯನ್ನು

ವೀಸಾ ಪ್ರಾಯೋಜಿಸಲು ಆಗದ ಕಡೆ ನಾಲ್ಕು ಸುತ್ತಿನ ಇಂಟರ್‌ವ್ಯೂ ಕೊಡುವುದು ವ್ಯರ್ಥ. ಬ್ರಿಟನ್‌ನಲ್ಲೂ ನೆದರ್ಲೆಂಡ್ಸ್‌ನಲ್ಲೂ ಯಾವ ಸಂಸ್ಥೆಗೆ ಪ್ರಾಯೋಜಕ ಪರವಾನಗಿ ಇದೆ ಎಂಬ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸುತ್ತದೆ. ಅಮೆರಿಕದಲ್ಲಿ ಒಪಿಟಿಯ 24 ತಿಂಗಳ ವಿಸ್ತರಣೆ ಬೇಕಾದರೆ ಕಂಪನಿ ನೌಕರರ ಕೆಲಸದ ಹಕ್ಕನ್ನು ಪರಿಶೀಲಿಸುವ ಇ-ವೆರಿಫೈ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಿರಬೇಕು. ವಿಶ್ವವಿದ್ಯಾಲಯಗಳಿಗೂ ಲಾಭರಹಿತ ಸಂಶೋಧನಾ ಸಂಸ್ಥೆಗಳಿಗೂ ಎಚ್-1ಬಿ ಸಂಖ್ಯೆಯ ಮಿತಿ ಅನ್ವಯಿಸುವುದಿಲ್ಲ. ಸಂಬಳ ಕಡಿಮೆಯಿದ್ದರೂ ಅಲ್ಲಿ ಲಾಟರಿಯ ತಲೆಬಿಸಿ ಇಲ್ಲ. ಸಂಶೋಧನೆಯತ್ತ ಒಲವಿರುವವರು ಈ ದಾರಿಯನ್ನು ಮೊದಲು ನೋಡಬೇಕು.

‘ಸ್ಪಾನ್ಸರ್‌ಶಿಪ್ ಬೇಕಾ?’ ಎಂಬ ಪ್ರಶ್ನೆಗೆ ಸುಳ್ಳು ಹೇಳಬೇಡಿ. ‘ಮದುವೆ ಆಗಿದೆಯಾ, ಮಕ್ಕಳ ಯೋಚನೆ ಇದೆಯಾ’ ಎಂಬುದಕ್ಕೆ ಉತ್ತರಿಸುವ ಹಂಗು ನಿಮಗಿಲ್ಲ. ಅಮೆರಿಕದಲ್ಲಿ ಬಸಿರಿನ ಕಾರಣಕ್ಕೆ ತಾರತಮ್ಯ ಮಾಡುವುದು 1978ರಿಂದ ನಿಷಿದ್ಧ, ಬ್ರಿಟನ್‌ನಲ್ಲಿ 2010ರ ಸಮಾನತಾ ಕಾಯ್ದೆ ಅದನ್ನು ತಡೆಯುತ್ತದೆ. ಜರ್ಮನಿಯ ನ್ಯಾಯಾಲಯಗಳಂತೂ ಇನ್ನೂ ಒಂದು ಹೆಜ್ಜೆ ಮುಂದೆ: ಬಸಿರಿದ್ದೀರಾ ಎಂದು ಇಂಟರ್‌ವ್ಯೂನಲ್ಲಿ ಕೇಳಿದರೆ ಅಲ್ಲಿ ಸುಳ್ಳು ಹೇಳಿದರೂ ತಪ್ಪಲ್ಲ.

ಇನ್ನು ‘ಹಣ ಕಟ್ಟಿ, ಕಾಗದದಲ್ಲಿ ಕೆಲಸ ತೋರಿಸುತ್ತೇವೆ’, ‘ಸೇರಿದ ಮೊದಲ ದಿನದಿಂದಲೇ ಕೆಲಸ ಮಾಡಬಹುದಾದ ಕಾಲೇಜು’ ಎಂದು ಬರುವ ಕರೆಗಳು. 2019ರ ಜನವರಿಯಲ್ಲಿ ಬಯಲಾದ ಮಿಷಿಗನ್‌ನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ ಅಮೆರಿಕ ಸರ್ಕಾರವೇ ಒಡ್ಡಿದ್ದ ಬಲೆ. ಪಾಠವೂ ಇಲ್ಲ, ಪಾಠ ಹೇಳುವವರೂ ಇಲ್ಲ. ಹೆಸರು ನೋಂದಾಯಿಸಿದ್ದ ನೂರಾರು ವಿದ್ಯಾರ್ಥಿಗಳು ಸಿಕ್ಕಿಬಿದ್ದರು.

ಹೆಜ್ಜೆ 4: ಮದುವೆ ಮತ್ತು ‘ಡಿಪೆಂಡೆಂಟ್’ ಎಂಬ ಪದ

ಇಲ್ಲಿ ಸ್ವಲ್ಪ ನಿಲ್ಲೋಣ. ಗೊತ್ತಿದ್ದೂ ತಪ್ಪುವ ಜಾಗ ಇದು.

ಕೆಲಸ ಸಿಗುತ್ತಿಲ್ಲ, ದಿನಗಳು ಕಳೆಯುತ್ತಿವೆ, ಸಂಗಾತಿಗೆ ಕೆಲಸವೂ ವೀಸಾವೂ ಇದೆ. ‘ಸದ್ಯಕ್ಕೆ ನನ್ನ ಡಿಪೆಂಡೆಂಟ್ ಆಗಿಬಿಡು, ಆಮೇಲೆ ನೋಡೋಣ’ ಎನ್ನುತ್ತಾನೆ. ಪ್ರೀತಿಯಿಂದಲೇ ಹೇಳಿರುತ್ತಾನೆ. ಆದರೆ ಆ ‘ಸದ್ಯಕ್ಕೆ’ ಎಷ್ಟು ದಿನ ಎಂಬುದನ್ನು ನಿರ್ಧರಿಸುವುದು ಪ್ರೀತಿಯಲ್ಲ, ದೇಶದ ಕಾನೂನು. ಅಮೆರಿಕದಲ್ಲಿ ಎಚ್-1ಬಿಯವರ ಸಂಗಾತಿಗೆ ಕೊಡುವ ಎಚ್-4ಗೆ ಬದಲಾದರೆ ಎಫ್-1 ಹೋಯಿತು, ಜೊತೆಗೆ ಒಪಿಟಿಯೂ. ಎಚ್-4ನಲ್ಲಿ ಕೆಲಸದ ಅನುಮತಿ ಶುರುವಾದದ್ದು 2015ರಲ್ಲಿ. ಅದೂ ಸಾಮಾನ್ಯವಾಗಿ ಗಂಡನ ಗ್ರೀನ್ ಕಾರ್ಡ್ ಕೋರಿಕೆಗೆ ಒಪ್ಪಿಗೆ ಸಿಕ್ಕ ಮೇಲೆ ಮಾತ್ರ. ಅಲ್ಲಿಯವರೆಗೆ ಎಂಜಿನಿಯರಿಂಗ್ ಪದವಿ ಕಪಾಟಿನಲ್ಲಿ. ಬ್ರಿಟನ್‌ನಲ್ಲೂ ಜರ್ಮನಿಯಲ್ಲೂ ನುರಿತ ಕೆಲಸಗಾರರ ಸಂಗಾತಿಗೆ ಕೆಲಸ ಮಾಡುವ ಹಕ್ಕು ಮೊದಲ ದಿನದಿಂದಲೇ ಇರುತ್ತದೆ. ಕೆನಡಾ 2025ರ ಜನವರಿಯಿಂದ ಸಂಗಾತಿಗಳ ಪರ್ಮಿಟ್ ಬಿಗಿ ಮಾಡಿದೆ. ಡಿಪೆಂಡೆಂಟ್ ಎಂಬ ಪದ ಒಂದೇ, ಒಂದೊಂದು ದೇಶದಲ್ಲಿ ಅದಕ್ಕೆ ಒಂದೊಂದು ಅರ್ಥ.

ಹಾಗಾಗಿ ಸ್ವಂತ ಪರ್ಮಿಟ್‌ಗೆ ಒಂದೇ ಒಂದು ದಾರಿ ಉಳಿದಿದ್ದರೂ ಮೊದಲು ಅದನ್ನು ಮುಗಿಸಿ. ಸ್ವಂತದ್ದರಿಂದ ಡಿಪೆಂಡೆಂಟ್‌ಗೆ ಇಳಿಯುವುದು ಯಾವಾಗಲೂ ಸುಲಭ, ಮೇಲೇರುವುದು ಹಾಗಲ್ಲ. ನೀವು ಮುಖ್ಯ ಅರ್ಜಿದಾರರಾಗಿ, ಅವನು ಡಿಪೆಂಡೆಂಟ್ ಆಗುವ ಲೆಕ್ಕವನ್ನೂ ಕಾಗದದ ಮೇಲೆ ಹಾಕಿ ನೋಡಿ. ಈ ಪ್ರಸ್ತಾಪಕ್ಕೆ ಅವನ ಮುಖ ಹೇಗಾಗುತ್ತದೆ ಎಂಬುದೂ ಉಪಯುಕ್ತ ಮಾಹಿತಿಯೇ. ಬ್ರಿಟನ್ನಿನ ಗ್ರಾಜುಯೇಟ್ ವೀಸಾದಲ್ಲಿ ಮಾತ್ರ ಹೊಸದಾಗಿ ಸಂಗಾತಿಯನ್ನು ಸೇರಿಸಲು ಬರುವುದಿಲ್ಲ. ವಿದ್ಯಾರ್ಥಿ ವೀಸಾದಲ್ಲಿ ಜೊತೆಗಿದ್ದವರಿಗಷ್ಟೇ ಅವಕಾಶ.

ಡಿಪೆಂಡೆಂಟ್ ಆಗಲೇಬೇಕಾಗಿ ಬಂದರೆ ಮೂರು ವಿಷಯ ಬಿಡಬೇಡಿ. ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಲಿ, ಎಲ್ಲ ಕಾಗದಗಳ ಪ್ರತಿ ನಿಮಗೆ ಮಾತ್ರ ಗೊತ್ತಿರುವ ಇ-ಮೇಲ್‌ನಲ್ಲಿರಲಿ. ನಿಮ್ಮೊಬ್ಬರ ಹೆಸರಿನಲ್ಲಿ ಬ್ಯಾಂಕ್ ಖಾತೆ ಇರಲಿ. ಕೌಟುಂಬಿಕ ಹಿಂಸೆಗೆ ಒಳಗಾದವರಿಗಾಗಿ ಅಲ್ಲಿರುವ ಸಹಾಯವಾಣಿಯ ಸಂಖ್ಯೆ ಗೊತ್ತಿರಲಿ. ಅಮೆರಿಕದಲ್ಲಿ 1-800-799-7233, ಬ್ರಿಟನ್‌ನಲ್ಲಿ 0808 2000 247, ಜರ್ಮನಿಯಲ್ಲಿ 116 016, ಆಸ್ಟ್ರೇಲಿಯಾದಲ್ಲಿ 1800 737 732.

ಹೊಡೆಯುವವನ ಬಾಯಲ್ಲಿ ಸಾಮಾನ್ಯವಾಗಿ ಬರುವ ಬೆದರಿಕೆ ಒಂದೇ: ‘ಪೊಲೀಸರಿಗೆ ಹೇಳಿದರೆ ನಿನ್ನನ್ನೇ ದೇಶದಿಂದ ಓಡಿಸುತ್ತಾರೆ.’ ಅದು ಅವನು ಹೇಳುವಷ್ಟು ನಿಜವಲ್ಲ. ಅಮೆರಿಕದಲ್ಲಿ ನಾಗರಿಕರ ಅಥವಾ ಗ್ರೀನ್ ಕಾರ್ಡ್‌ದಾರರ ಹಿಂಸೆಗೊಳಗಾದ ಹೆಂಡತಿ ಗ್ರೀನ್ ಕಾರ್ಡ್‌ಗೆ ತಾನೇ ಅರ್ಜಿ ಹಾಕಬಹುದೆಂದು 1994ರ ಕಾಯ್ದೆ ಹೇಳುತ್ತದೆ. ಅಪರಾಧಕ್ಕೆ ಬಲಿಯಾಗಿ ಪೊಲೀಸರಿಗೆ ನೆರವಾದವರಿಗೆ ಯು ವೀಸಾ ಇದೆ. ಕೆನಡಾ 2019ರಿಂದ ಕೌಟುಂಬಿಕ ಹಿಂಸೆಗೆ ಒಳಗಾದವರಿಗೆ ಶುಲ್ಕವಿಲ್ಲದ ತಾತ್ಕಾಲಿಕ ಪರ್ಮಿಟ್ ಕೊಡುತ್ತಿದೆ. ಬ್ರಿಟನ್‌ನಲ್ಲಿ ಸಂಗಾತಿಯ ವೀಸಾದಲ್ಲಿದ್ದು ಹಿಂಸೆಯಿಂದ ಹೊರಬಂದವರಿಗೆ ಮೂರು ತಿಂಗಳ ಅನುಮತಿ ಮತ್ತು ಸರ್ಕಾರಿ ನೆರವು ಸಿಗುತ್ತದೆ. ಇದು ನನಗೆ ಬೇಕಾಗುವುದಿಲ್ಲ ಎಂದೇ ಎಲ್ಲರೂ ಓದುತ್ತಾರೆ. ಪಕ್ಕದ ಕೋಣೆಯವಳಿಗಾದರೂ ಹೇಳಲು ನೆನಪಿರಲಿ.

ಗಂಡನಷ್ಟೇ ಅಲ್ಲ, ಬಾಸ್ ಕೂಡ. ವೀಸಾ ಒಂದೇ ಕಂಪನಿಗೆ ಅಂಟಿಕೊಂಡಿರುವಾಗ ಅತಿಯಾಗಿ ಹತ್ತಿರ ಬರುವ ಮ್ಯಾನೇಜರ್‌ಗೆ ‘ದೂರ ಇರಿ’ ಎನ್ನುವ ಗಂಟಲು ಒಣಗುತ್ತದೆ. ಅಮೆರಿಕದಲ್ಲಿ ಎಚ್-1ಬಿ ಕೆಲಸ ಹೋದರೆ ಬೇರೆ ದಾರಿ ಹುಡುಕಲು ಗರಿಷ್ಠ 60 ದಿನ. ಅದಕ್ಕೇ ಕೆಲಸದಲ್ಲಿದ್ದಾಗಲೂ ವರ್ಷಕ್ಕೆ ಎರಡು ಇಂಟರ್‌ವ್ಯೂ ಕೊಡುತ್ತಿರಿ. ಹೋಗುವ ಆಸೆ ಇಲ್ಲದಿದ್ದರೂ ಸರಿ.

ಹೆಜ್ಜೆ 5: ತಾಯಿಯಾಗುವ ಯೋಚನೆ ಇದ್ದರೆ ಈಗಲೇ ಲೆಕ್ಕ

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಒಪ್ಪಂದ ಕನಿಷ್ಠ 14 ವಾರಗಳ ಹೆರಿಗೆ ರಜೆ ಎನ್ನುತ್ತದೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಸಂಬಳಸಹಿತ ರಜೆಯ ಕಾನೂನು ಖಾಸಗಿ ನೌಕರರಿಗೆ ಇಲ್ಲ. 1993ರ ಕಾಯ್ದೆ ಕೊಡುವುದು ಸಂಬಳವಿಲ್ಲದ 12 ವಾರ. ಅದೂ ಅದೇ ಕಡೆ 12 ತಿಂಗಳು, 1,250 ಗಂಟೆ ದುಡಿದಿದ್ದು, 50 ಜನರಿಗಿಂತ ಕಡಿಮೆಯಿಲ್ಲದ ಸಂಸ್ಥೆಯಾದರೆ. ಹೊಸದಾಗಿ ಸೇರಿದವಳಿಗೆ ಮೊದಲ ವರ್ಷ ಅದೂ ಇಲ್ಲ. ಬ್ರಿಟನ್‌ನಲ್ಲಿ 52 ವಾರ ರಜೆ, ಅದರಲ್ಲಿ 39 ವಾರ ಭತ್ಯೆ. ಭತ್ಯೆಗೆ ಹೆರಿಗೆಗೆ 15 ವಾರ ಮುಂಚಿನ ವೇಳೆಗೆ ಆ ಕಂಪನಿಯಲ್ಲಿ 26 ವಾರ ದುಡಿದಿರಬೇಕು. ಜರ್ಮನಿಯಲ್ಲಿ ಹೆರಿಗೆಗೆ ಮುಂಚೆ 6 ವಾರ, ನಂತರ 8 ವಾರ ಕಾನೂನಿನ ರಕ್ಷಣೆ. ಆಫರ್ ಲೆಟರ್‌ನಲ್ಲಿ ಸಂಬಳದ ಅಂಕಿಯ ಕೆಳಗಿನ ಈ ಸಾಲುಗಳನ್ನೂ ಓದಿ. ಎರಡು ಆಫರ್‌ಗಳಲ್ಲಿ ಕಡಿಮೆ ಸಂಬಳದ್ದೇ ಲಾಭದ್ದು ಎನಿಸುವುದು ಅಪರೂಪವಲ್ಲ.

ಹೆಜ್ಜೆ 6: ಹಣ

ಆರು ತಿಂಗಳ ಬಾಡಿಗೆ, ಊಟ, ಒಂದು ತುರ್ತು ವಿಮಾನ ಟಿಕೆಟ್. ಇಷ್ಟು ಖಾತೆಯಲ್ಲಿಲ್ಲದೆ ‘ಉಳಿದು ಕೆಲಸ ಹುಡುಕುತ್ತೇನೆ’ ಎನ್ನುವುದು ಸಾಲ ಮಾಡುತ್ತೇನೆ ಎಂದಂತೆ. ವಿದ್ಯಾರ್ಥಿ ಆರೋಗ್ಯ ವಿಮೆ ಯಾವ ದಿನ ನಿಲ್ಲುತ್ತದೆ ಎಂದು ಕೇಳಿಕೊಳ್ಳಿ. ಆ ದಿನಕ್ಕೂ ಕೆಲಸದ ವಿಮೆ ಶುರುವಾಗುವ ದಿನಕ್ಕೂ ನಡುವೆ ಬಿದ್ದ ಜ್ವರ ದುಬಾರಿ.

ಹೆಜ್ಜೆ 7: ಮನೆಗೆ ಹೇಳುವುದು

ತೀರ್ಮಾನ ಮಾಡಿ ಆಮೇಲೆ ಹೇಳಿ. ಅನುಮತಿ ಕೇಳುವ ದನಿಯಲ್ಲಿ ಶುರು ಮಾಡಿದರೆ ಮಾತು ವಾರಗಟ್ಟಲೆ ಎಳೆಯುತ್ತದೆ. ‘ಅಪ್ಪಾ, ಎರಡು ವರ್ಷದ ಪರ್ಮಿಟ್ ಇದೆ, ಇಷ್ಟು ಸಾಲ ತೀರಿಸುತ್ತೇನೆ, ಮುಂದಿನ ಮಾತು ಆ ವರ್ಷದ ಕೊನೆಗೆ ಆಡೋಣ’ ಎಂಬುದು ‘ನಾನು ಇಲ್ಲೇ ಇರ್ತೀನಿ’ ಎಂಬುದಕ್ಕಿಂತ ಕಿವಿಗೆ ಹಗುರ, ಬಹಳಷ್ಟು ಸಲ ಹೆಚ್ಚು ನಿಜ ಕೂಡ. ಅಮ್ಮನ ಕಣ್ಣೀರಿಗೆ ಉತ್ತರವಿಲ್ಲ. ಅದಕ್ಕೆ ಉತ್ತರ ಕೊಡಲು ಹೋಗಬೇಡಿ, ಫೋನ್ ಇಡದೆ ಕೇಳಿಸಿಕೊಳ್ಳಿ.

ಹೆಜ್ಜೆ 8: ವಾಪಸ್ ಬರುವ ಬಾಗಿಲಿಗೆ ಎಣ್ಣೆ ಹಾಕುತ್ತಿರಿ

ಚೀನಾದಿಂದ 1936ರಲ್ಲಿ ಅಮೆರಿಕಕ್ಕೆ ಓದಲು ಬಂದ ಚಿಯೆನ್-ಶಿಯುಂಗ್ ವೂ 1940ರಲ್ಲಿ ಬರ್ಕ್ಲಿಯಲ್ಲಿ ಪಿಎಚ್‌ಡಿ ಮುಗಿಸಿದರು. ಆಮೇಲೆ ಯುದ್ಧ, ಅದರ ಮೇಲೆ ರಾಜಕೀಯ. ಭೌತವಿಜ್ಞಾನದ ದೊಡ್ಡ ನಂಬಿಕೆಯೊಂದನ್ನು ಪ್ರಯೋಗದಿಂದ ಮುರಿದ ಆಕೆ ತಾಯ್ನೆಲಕ್ಕೆ ಕಾಲಿಟ್ಟದ್ದು 1973ರಲ್ಲಿ. ಅಷ್ಟರಲ್ಲಿ ಅಪ್ಪ, ಅಮ್ಮ ಇಬ್ಬರೂ ತೀರಿಹೋಗಿದ್ದರು. ಇವತ್ತು ಯುದ್ಧವಿಲ್ಲದಿದ್ದರೂ ಕಾಗದವೊಂದೇ ಆ ಕೆಲಸ ಮಾಡಬಲ್ಲದು. ಅರ್ಜಿ ಬಾಕಿಯಿದೆ, ವೀಸಾ ಸ್ಟಾಂಪ್ ಮುಗಿದಿದೆ, ಹೊರಟರೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಭಯದಲ್ಲಿ ಅಂತ್ಯಸಂಸ್ಕಾರವನ್ನು ವಿಡಿಯೊ ಕರೆಯಲ್ಲಿ ನೋಡಿದವರಿದ್ದಾರೆ. ತುರ್ತಾಗಿ ಹೊರಡಬೇಕಾದರೆ ಯಾವ ಕಾಗದ ಬೇಕು ಎಂದು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಕಾಯಂ ವಾಸದ ಹಕ್ಕು ಸಿಕ್ಕರೂ ಅದು ಕಾಯಂ ಅಲ್ಲ. ಕೆನಡಾದಲ್ಲಿ ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು. ಬ್ರಿಟನ್‌ನಿಂದ ಸತತ ಎರಡು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಹಕ್ಕು ಹೋಗುತ್ತದೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ಆರು ತಿಂಗಳಷ್ಟೇ. ಅಪ್ಪ, ಅಮ್ಮನಿಗೆ ಹುಷಾರಿಲ್ಲದಾಗ ಕರೆ ಬರುವುದು ಮಗಳಿಗೇ, ಮಗ ಹತ್ತಿರದಲ್ಲೇ ಇದ್ದರೂ. ಆ ಕರೆ ಬಂದಾಗ ಎಷ್ಟು ತಿಂಗಳು ಹೋಗಿರಬಹುದು ಎಂಬ ಸಂಖ್ಯೆ ನಿಮಗೆ ಬಾಯಿಪಾಠವಾಗಿರಲಿ.

ಕೊನೆಯದಾಗಿ, ಮೊದಲ ಹೆಜ್ಜೆಯ ಹಾಳೆಯಲ್ಲಿ ಐದನೇ ದಿನಾಂಕವೊಂದನ್ನು ಸೇರಿಸಿ: ಈಗಿನ ಪರ್ಮಿಟ್ ಮುಗಿಯುವುದಕ್ಕೆ ಎಂಟು ತಿಂಗಳ ಮುಂಚಿನ ಒಂದು ಭಾನುವಾರ. ಅವತ್ತು ಫೋನ್ ಬದಿಗಿಟ್ಟು ಎರಡನೇ ಹೆಜ್ಜೆಯ ಆ ಎರಡು ಪಟ್ಟಿಗಳನ್ನು ತೆಗೆಯಿರಿ, ಈಗ ನಿಜವಲ್ಲದ ಸಾಲುಗಳನ್ನು ಹೊಡೆದುಹಾಕಿ, ಹೊಸದಾಗಿ ಬಂದವನ್ನು ಬರೆಯಿರಿ. ಹೊಸ ಅರ್ಜಿಗೂ ಹೊಸ ಕೆಲಸಕ್ಕೂ, ಸಾಮಾನು ಕಟ್ಟುವುದಕ್ಕೂ ಎಂಟು ತಿಂಗಳು ಸಾಕು.